ಮೊಣಕೈಯ ‘ಮೊಣ’, ಹೂವಿನ ‘ಮೊಳ’: ಎರಡೂ ಒಂದೇನಾ?

ಅರಕಲಗೂಡು ಓದುಗಿ
ನಮ್ಮ ಕಡೆ ಮೊಣಕೈ ಅನ್ನೋರೂ ಇದ್ದಾರೆ, ಮೊಳಕೈ ಅನ್ನೋರೂ ಇದ್ದಾರೆ. ಯಾವುದು ಸರಿ? ಮೊಳ ಹಾಕೋದ್ರಿಂದ ಕೈಗೆ ಆ ಹೆಸರು ಬಂತು ಅನ್ನೋಣ ಅಂದ್ರೆ ಕಾಲಲ್ಲಿ ಯಾರೂ ಮೊಳ ಹಾಕಲ್ಲ. ಮತ್ತೆ ಮೊಣಕಾಲು ಹೇಗಾಯ್ತು? ಮೊಳಕೆ, ಮೊಳೆಗೂ ಇದಕ್ಕೂ ನಂಟಿದೆಯಾ?

ಬೇಲೂರು ರಸ್ತೆ
ನಿಮ್ಮ ಅನುಮಾನದಲ್ಲೇ ಉತ್ತರ ಇದೆ. ಅಳತೆಯಿಂದ ಅಂಗಕ್ಕೆ ಹೆಸರು ಬಂದಿಲ್ಲ, ಅಂಗದಿಂದ ಅಳತೆಗೆ ಬಂದಿದೆ. ಹಳಗನ್ನಡದಲ್ಲಿ ಇದು ಮೊೞ. ೞ ಅಂದ್ರೆ ಳ ಅಲ್ಲ, ಈಗ ಕನ್ನಡದಲ್ಲಿ ಬಳಕೆ ತಪ್ಪಿದ ಬೇರೆಯೇ ಅಕ್ಷರ. ತಮಿಳಲ್ಲಿ ಮುೞಂಗೈ, ಮುೞಂಗಾಲ್, ಅಳತೆಗೆ ಮುೞಂ. ಮುೞಿ ಅಂದ್ರೆ ಗಂಟು, ಕೀಲು. ಕೀಲು ಕಾಲಿಗೂ ಇದೆಯಲ್ಲ!

ಈ ೞ ಕನ್ನಡದಲ್ಲಿ ಸವೆದುಹೋಯ್ತು. ಮುಂದೆ ಸ್ವರ ಇದ್ದಲ್ಲಿ ಹೆಚ್ಚಾಗಿ ಳ ಆಯ್ತು. ವ್ಯಂಜನ ಇದ್ದಲ್ಲಿ ರ ಆಗಿ, ಆಮೇಲೆ ಆ ವ್ಯಂಜನದಲ್ಲೇ ಕರಗಿತು: ಗೞ್ದೆ, ಗರ್ದೆ, ಗದ್ದೆ. ‘ಬೀಳು’ ಇದ್ದದ್ದು ‘ಬಿದ್ದ’ ಆಗೋದೂ ಹೀಗೇ. ಮೊಣಕೈಯಲ್ಲಿ ಅದು ಣ ಆಗಿದೆ. ಳ, ಣ ಎರಡನ್ನೂ ನಿಧಾನವಾಗಿ ಹೇಳಿ ನೋಡಿ, ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತೆ. ಬರವಣಿಗೆಯಲ್ಲಿ ಮೊಣಕೈ ನೆಲೆಯಾಗಿದೆ. ಮೊಳಕೈ ತಪ್ಪಲ್ಲ, ಹಳೇ ರೂಪಕ್ಕೆ ಅದೇ ಹತ್ತಿರ.

ೞ ನೋಡೋಕೆ ದೂರ ಹೋಗಬೇಕಿಲ್ಲ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ (ಸುಮಾರು ಕ್ರಿ.ಶ. 450) ಪಲ್ಮಿಡಿ ಜೊತೆ ದತ್ತಿ ಕೊಟ್ಟ ಊರು ಮೂೞಿವಳ್ಳಿ. 13ನೇ ಶತಮಾನದ ಹೊತ್ತಿಗೆ ಜನ ೞ, ಳ ಕಲಸಿಬಿಟ್ಟಿದ್ದರು. ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಇರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯ್ತು.

ಮೂಡಿಗೆರೆ ಮಳೆ
ಮೊಳಕೆ, ಮೊಳೆ ಬೇರೆ ಕುಲ. ಅವಕ್ಕೆ ತಮಿಳಲ್ಲಿ ಮುಳೈ, ಅಂದ್ರೆ ಮೊದಲಿಂದಲೂ ಳ. ಅನುಮಾನ ಬಂದಾಗ ತಮಿಳೋ ಮಲಯಾಳವೋ ನೋಡಿ, ಅಲ್ಲಿ ೞ ಇನ್ನೂ ಉಳಿದಿದೆ.

ಕಟ್ಟಿನಕೆರೆ ಹೂವು
ಅರ್ಥ ತಿಳಿದರೆ ಅಳತೆಯೂ ಸರಿಹೋಗುತ್ತೆ. ಮೊಳ ಶುರುವಾಗೋದು ಕೀಲಿಂದಲೇ: ಕೈ ಮಡಚಿದಾಗ ಹೊರಗೆ ಚೂಪಾಗಿ ಎದ್ದು ಕಾಣೋ ಮೂಳೆಯಿಂದ ನಡುಬೆರಳ ತುದಿವರೆಗೆ, ಸುಮಾರು 18 ಇಂಚು. 2 ಗೇಣಿಗೆ 1 ಮೊಳ, 4 ಮೊಳಕ್ಕೆ 1 ಮಾರು. ಮಾರು ಅಂದ್ರೆ ಎರಡೂ ತೋಳು ಚಾಚಿದಷ್ಟು.

ಹೂವಿನ ಅಳತೆ ಕಮ್ಮಿಯಾಗೋದು ಎರಡು ಕಡೆ. ದಾರವನ್ನು ಮೂಳೆಗೆ ಹಿಡಿಯದೆ ಒಳಮಡಿಕೆಗೆ ಹಿಡಿದರೆ ಇಂಚಿನ ಮೇಲೆ ಹೋಗುತ್ತೆ; ಬೆರಳು ಬಗ್ಗಿಸಿಕೊಂಡು ಅಳೆದರೆ ಇನ್ನೂ ಮೂರು ಇಂಚು. ಬೆರಳು ನೆಟ್ಟಗಿದೆಯಾ ಅಂತ ಮೊದಲು ನೋಡಿ. ಸೇವಂತಿಗೆಯಾದರೆ ದಾರ ಎಳೆದು ಹಿಡಿಸಿ, ಸಡಿಲ ಕಟ್ಟಿದ ಮಾಲೆಯಲ್ಲಿ ಹೂವಿಗಿಂತ ಸಂದಿಯೇ ಜಾಸ್ತಿ ಇರುತ್ತೆ.