ಪದಚರ್ಚೆ: ಸ್ಕೀ ತಳದ 'ಸ್ಕಿನ್'ಗೆ ಏನನ್ನೋಣ? ಜಾರು, ಹಿಡಿ, ಅಂಟು ಎಲ್ಲೆಲ್ಲಿ?

ಪ್ರಶ್ನೆ – ಕಲಬುರಗಿಯಿಂದ

ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಕಡೆ ಸ್ಕೀ (ಹಿಮದ ಮೇಲೆ ಸಾಗಲು ಕಾಲಿಗೆ ಕಟ್ಟುವ ಉದ್ದ ಹಲಗೆ) ಕಲಿಯಲು ಹೋಗುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆಂದು ಬೇರೆ ನುಡಿಯಿಂದ ಕನ್ನಡಕ್ಕೆ ಇಳಿಸಿದ ಚಿಕ್ಕ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಲಿಫ್ಟ್ ಇಲ್ಲದ ಬೆಟ್ಟವನ್ನು ಸ್ಕೀ ಕಟ್ಟಿಕೊಂಡೇ ಹತ್ತುವ ಅಧ್ಯಾಯದಲ್ಲಿ ಗಾಡಿ ನಿಂತಿದೆ. ಸ್ಕೀಯ ತಳಕ್ಕೆ ಅಂಟಿಸುವ 'ಸ್ಕಿನ್' ಕರಡಿನಲ್ಲಿ 'ಆರೋಹಣ ಚರ್ಮ' ಆಗಿದೆ. ಓದಿದವರು "ಇದು ತೊಗಲಿನದೇನು? ಎಣ್ಣೆ ಹಚ್ಚಬೇಕೇನು?" ಎಂದು ಕೇಳುತ್ತಿದ್ದಾರೆ. ಇನ್ನು ಈ ಮೂರು ವಾಕ್ಯಗಳು: "ಮೊಹೇರ್ ಚರ್ಮ ಹೆಚ್ಚು ಜಾರುತ್ತದೆ, ನೈಲಾನ್ ಚರ್ಮ ಹೆಚ್ಚು ಹಿಡಿಯುತ್ತದೆ." "ಹಿಡಿತ ತಪ್ಪಿದರೆ ಚರ್ಮವನ್ನು ಬೆಚ್ಚಗೆ ಮಾಡಿ." "ಅಂಚು ಕಾಣುವಂತೆ ಅಂಚನ್ನು ಕತ್ತರಿಸಿ." ವ್ಯಾಕರಣಕ್ಕೆ ಮೂರೂ ಸರಿ, ಅರ್ಥ ಮಾತ್ರ ಕೈಗೆ ಸಿಗುತ್ತಿಲ್ಲ. ಹೇಗೆ ತಿದ್ದುವುದು?

ಉತ್ತರ – ಬೀದರಿನಿಂದ

ಅನುಮಾನ ಸರಿಯಾಗಿಯೇ ಇದೆ. ಈ ವಾಕ್ಯಗಳನ್ನು ನಂಬಿ ನಡೆದವರು ಅಂಗಡಿಯಲ್ಲಿ ತಪ್ಪು ಸಾಮಾನು ಕೊಳ್ಳುತ್ತಾರೆ, ಬೆಟ್ಟದ ಮೇಲೆ ತಪ್ಪು ರಿಪೇರಿ ಮಾಡುತ್ತಾರೆ. ಅದಕ್ಕೇ ಒಂದೊಂದಾಗಿ ಬಿಡಿಸಿ ನೋಡಬೇಕು.

ಮೊದಲು 'ಚರ್ಮ'. ಹಿಂದೆ ಇದು ನಿಜಕ್ಕೂ ಸೀಲ್ ಎಂಬ ಕಡಲಪ್ರಾಣಿಯ ತುಪ್ಪಳದ ತೊಗಲೇ ಆಗಿತ್ತು. ಫ್ರೆಂಚರು ಇವತ್ತಿಗೂ ಇದನ್ನು ಸೀಲ್ ತೊಗಲು ಎಂದೇ ಕರೆಯುತ್ತಾರೆ. ಜರ್ಮನ್ನರ 'ಫೆಲ್' ಅಂದರೆ ತುಪ್ಪಳ. ಈಗಿನದರಲ್ಲಿ ತೊಗಲು ಎಳೆಯಷ್ಟೂ ಇಲ್ಲ. ಮಖಮಲ್ಲಿನ ಜಾತಿಯ ನೇಯ್ಗೆ ಅದು: ಒಂದು ಮೈಯಲ್ಲಿ ಒಂದೇ ದಿಕ್ಕಿಗೆ ಬಾಗಿದ ಗಿಡ್ಡ ಕೂದಲು, ಇನ್ನೊಂದು ಮೈಯಲ್ಲಿ ಅಂಟು. ಸ್ಕೀಗೆ ಅಂಟಿಸಿದಾಗ ಕೂದಲು ಸ್ಕೀಯ ಬಾಲದ, ಅಂದರೆ ಹಿಂತುದಿಯ, ಕಡೆ ಮಲಗಿರುತ್ತದೆ. ಸ್ಕೀಯನ್ನು ಮುಂದಕ್ಕೆ ನೂಕಿದರೆ ಮಲಗಿದಂತೆಯೇ ಸಾಗುತ್ತದೆ. ಹಿಂದಕ್ಕೆ ಸರಿಯಲು ಹೋದರೆ ಎದ್ದು ಹಿಮಕ್ಕೆ ನಾಟಿಕೊಳ್ಳುತ್ತದೆ. ಇಡೀ ಹತ್ತುವಿಕೆ ನಿಂತಿರುವುದು ಇಷ್ಟರ ಮೇಲೆ. ಹಾಗಾಗಿ 'ಏರುಪಟ್ಟಿ' ಅನ್ನಿ. ಮೊದಲ ಸಲ ಬಂದಲ್ಲಿ "ಅಂಗಡಿಯಲ್ಲಿ ಸ್ಕಿನ್ ಎಂದು ಕೇಳಿ" ಎಂಬ ಒಂದು ಸಾಲು ಇರಲಿ, ಯಾಕೆಂದರೆ ಗುಲ್ಮಾರ್ಗ್‌ನ ಬಾಡಿಗೆ ಅಂಗಡಿಯಲ್ಲಿ ನಡೆಯುವುದು ಆ ಹೆಸರೇ. ಆ ಕೂದಲ ಮೈಗೆ 'ನವಿರು' ಎನ್ನುವುದು ಚೆಂದ, ಚಿಕ್ಕದು.

ಈಗ 'ಜಾರು'. ಕನ್ನಡದಲ್ಲಿ ಜಾರುವುದು ಕೇಡಿನ ಮಾತು. ಕಾಲು ಜಾರುತ್ತದೆ, ಮಾತು ಜಾರುತ್ತದೆ. "ಮೊಹೇರ್ (ಒಂದು ಜಾತಿಯ ಮೇಕೆಯ ಕೂದಲು) ಹೆಚ್ಚು ಜಾರುತ್ತದೆ" ಎಂದು ಓದಿದವರು ಅದನ್ನು ದೋಷವೆಂದೇ ತಿಳಿದು ನೈಲಾನ್ ಕೊಳ್ಳುತ್ತಾರೆ. ಮೂಲದಲ್ಲಿ ಅದು ಹೊಗಳಿಕೆ. ಮುಂದಕ್ಕೆ ಸಲೀಸಾಗಿ ಸಾಗುವುದಕ್ಕೆ 'ಸಾಗು', ಹಿಂದಕ್ಕೆ ಕೈಕೊಡುವುದಕ್ಕೆ 'ಜಾರು' ಎಂದು ಎರಡನ್ನೂ ಬೇರೆ ಮಾಡಿ. ವಾಕ್ಯ ಹೀಗಾಗಲಿ: "ಮೊಹೇರ್ ಪಟ್ಟಿ ಮುಂದಕ್ಕೆ ಸಲೀಸಾಗಿ ಸಾಗುತ್ತದೆ, ನೈಲಾನ್ ಪಟ್ಟಿ ಹಿಂದಕ್ಕೆ ಜಾರದಂತೆ ಗಟ್ಟಿಯಾಗಿ ತಡೆಯುತ್ತದೆ."

ಜೊತೆಗೆ ಉಳಿದ ಲೆಕ್ಕವನ್ನೂ ಹೇಳಬೇಕು. ಮೊಹೇರ್ ಹಗುರ, ಮಡಚಿದರೆ ಚಿಕ್ಕದಾಗುತ್ತದೆ, ಬೆಲೆ ಹೆಚ್ಚು, ಬೇಗ ಸವೆಯುತ್ತದೆ. ನೈಲಾನ್ ಬಾಳಿಕೆ ಬರುತ್ತದೆ, ಅಗ್ಗ, ಆದರೆ ಪ್ರತಿ ಹೆಜ್ಜೆಗೂ ಸ್ವಲ್ಪ ಎಳೆಯುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ ಇಡುವಾಗ ಆ ಎಳೆತ ತೊಡೆಗೆ ಗೊತ್ತಾಗುತ್ತದೆ. ಎರಡನ್ನೂ ಬೆರೆಸಿದ ಪಟ್ಟಿಗಳಲ್ಲಿ ಮೊಹೇರ್ 65 ಅಥವಾ 70 ಪಾಲು, ಉಳಿದದ್ದು ನೈಲಾನ್. ಹೊಸಬರಿಗೆ ಬೆರಕೆಯೇ ಸರಿ ಎಂದು ಕೈಪಿಡಿ ಧೈರ್ಯವಾಗಿ ಹೇಳಲಿ. ಹತ್ತುವ ರೀತಿ ಇನ್ನೂ ಕೈಗೂಡದವರು ಶುದ್ಧ ಮೊಹೇರ್ ಹಾಕಿದರೆ ಕಡಿದಾದ ತಿರುವಿನಲ್ಲಿ ಜಾರುತ್ತಾರೆ, ಆಮೇಲೆ ಪಟ್ಟಿಯನ್ನು ಬೈಯುತ್ತಾರೆ.

ಇಲ್ಲೊಂದು ಗುಂಡಿ ಇದೆ. ಮೊಹೇರ್ ಬರುವುದು ಅಂಗೋರಾ ಮೇಕೆಯಿಂದ. 'ಅಂಗೋರಾ ಉಣ್ಣೆ' ಅನ್ನುವುದು ಮೊಲದ್ದು. ಬರೀ 'ಅಂಗೋರಾ ಉಣ್ಣೆಯ ಪಟ್ಟಿ' ಎಂದು ಬರೆದರೆ ಮೇಕೆ ಹೋಗಿ ಮೊಲ ಬರುತ್ತದೆ. 'ಉಣ್ಣೆ' ಎನ್ನುವುದೂ ಬೇಡ: ನಮ್ಮ ಕಡೆ ಉಣ್ಣೆ ಎಂದರೆ ಕುರಿಯದು, ಕಂಬಳಿಯದು. 'ಮೇಕೆಗೂದಲು' ಎಂದರೆ ಸಾಕು.

ಎರಡನೆಯ ವಾಕ್ಯವೇ ಎಲ್ಲಕ್ಕಿಂತ ಕೆಟ್ಟದ್ದು. "ಹಿಡಿತ ತಪ್ಪಿದರೆ ಬೆಚ್ಚಗೆ ಮಾಡಿ." ಯಾವ ಹಿಡಿತ? ಪಟ್ಟಿಯಲ್ಲಿ ಮೂರು ಕಡೆ ಮೂರು ಬಗೆಯ ಹಿಡಿತ ಇದೆ. ಸ್ಕೀಯ ಮೂಗಿನ, ಅಂದರೆ ಮುಂತುದಿಯ, ಬಳೆ ಮತ್ತು ಬಾಲದ ಕೊಕ್ಕೆ ಪಟ್ಟಿಯನ್ನು ಎರಡು ತುದಿಯಲ್ಲಿ ಹಿಡಿದಿರುತ್ತವೆ. ಅಂಟು ಪಟ್ಟಿಯನ್ನು ಸ್ಕೀಯ ತಳಕ್ಕೆ ಹಿಡಿದಿರುತ್ತದೆ. ನವಿರು ಹಿಮವನ್ನು ಹಿಡಿಯುತ್ತದೆ. ಬೆಚ್ಚಗೆ ಮಾಡಬೇಕಾದದ್ದು ಅಂಟು ಸೋತಾಗ ಮಾತ್ರ. ನವಿರು ಸೋತಾಗ ಪಟ್ಟಿಯನ್ನು ಜಾಕೆಟ್ಟಿನೊಳಗೆ ಇಟ್ಟು ಕಾಯಿಸುತ್ತ ಕೂತರೆ ಹೊತ್ತು ಹೋಗುತ್ತದೆ, ಮೈ ತಣ್ಣಗಾಗುತ್ತದೆ, ಜಾರುವುದು ಹಾಗೇ ಇರುತ್ತದೆ. ಆದ್ದರಿಂದ 'ಹಿಡಿತ'ವನ್ನು ನವಿರಿಗೆ ಮಾತ್ರ ಮೀಸಲಿಡಿ; ತಳದ ಮೇಲಿನದು 'ಅಂಟು'; ತುದಿಗಳದು 'ಕೊಕ್ಕೆ'. ಕೈಪಿಡಿ ಪೂರ್ತಿ ಈ ಹಂಚಿಕೆ ಕದಲಬಾರದು.

ಅಂಟು ಸೋಲುವುದು ಹೆಚ್ಚಾಗಿ ಬಾಲದ ಕಡೆಯಿಂದ. ಕೊಕ್ಕೆ ಸಡಿಲವಿದ್ದರೆ ಅಲ್ಲಿ ಹಿಮದ ಪುಡಿ ನುಗ್ಗಿ, ಹೆಜ್ಜೆ ಹೆಜ್ಜೆಗೂ ಒಳಗೊಳಗೆ ತೆವಳಿ, ಕೊನೆಗೆ ಅರ್ಧ ಪಟ್ಟಿ ಜೋತುಬೀಳುತ್ತದೆ. ಮೊದಲ ಚಿಹ್ನೆ ಕಂಡಾಗಲೇ ನಿಲ್ಲಬೇಕು. ತಳವನ್ನೂ ಅಂಟಿನ ಮೈಯನ್ನೂ ಒರೆಸಿ, ತಳಕ್ಕೆ ಕಟ್ಟಿದ ಮಂಜನ್ನು ಕೆರೆದು ತೆಗೆದು, ಪಟ್ಟಿಯನ್ನು ಅಂಟಿಗೆ ಅಂಟು ಮಡಚಿ ಎದೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟು, ಮತ್ತೆ ಹಾಕಬೇಕು. ಅಷ್ಟಕ್ಕೂ ನಿಲ್ಲದಿದ್ದರೆ ಬಾಲದ ಹತ್ತಿರ ಸ್ಕೀಯ ಸುತ್ತ ರಬ್ಬರ್ ಬೆಲ್ಟ್ ಬಿಗಿಯುವುದೊಂದೇ ದಾರಿ. ಚೀಲದಲ್ಲಿ ಅಂಥ ಎರಡು ಬೆಲ್ಟ್ ಇಲ್ಲದೆ ಯಾರೂ ಹೊರಡಬಾರದು.

ಹಿಡಿತ ಸೋಲುವುದರ ಕಾರಣವೇ ಬೇರೆ. ಏರು ಕಂಡ ಕೂಡಲೇ ಮೈ ಮುಂದಕ್ಕೆ ಬಾಗುತ್ತದೆ, ಭಾರ ಬೆರಳಿಗೆ ಹೋಗುತ್ತದೆ, ಪಾದದ ಕೆಳಗಿನ ನವಿರಿನ ಮೇಲೆ ಒತ್ತಡವೇ ಬೀಳುವುದಿಲ್ಲ, ಸ್ಕೀ ಹಿಂದಕ್ಕೆ ಓಡುತ್ತದೆ. ನೆಟ್ಟಗೆ ನಿಂತು ಭಾರವನ್ನು ಹಿಮ್ಮಡಕ್ಕೆ ಬಿಡಬೇಕು. ಸ್ಕೀಯನ್ನು ಎತ್ತದೆ ಹಿಮದ ಮೇಲೇ ಸಾಗಿಸಬೇಕು. ಬೂಟನ್ನು ಸ್ಕೀಗೆ ಸಿಕ್ಕಿಸುವ ಬೈಂಡಿಂಗ್‌ನಲ್ಲಿ ಹಿಮ್ಮಡ ಎತ್ತರಿಸುವ ಗೂಟವನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಇಟ್ಟರೂ ಇದೇ ತೊಂದರೆ. ಏರು ತೀರ ಕಡಿದಾದರೆ ನೇರ ಏರುವುದು ಬಿಟ್ಟು ಅಡ್ಡಡ್ಡ ಹಾದಿ ಹಿಡಿಯಬೇಕು. ಹಿಮ ಗಾಜಿನಂತೆ ಗಟ್ಟಿಯಾಗಿದ್ದರೆ ಯಾವ ನವಿರೂ ಕೆಲಸ ಮಾಡದು; ಬೈಂಡಿಂಗ್‌ಗೆ ಸಿಕ್ಕಿಸುವ ಹಲ್ಲಿನ ಕಬ್ಬಿಣ, ಅಂದರೆ ಸ್ಕೀ ಕ್ರ್ಯಾಂಪಾನ್ ಬೇಕು.

ಇನ್ನೊಂದು ತೊಂದರೆಗೆ ಕರಡಿನಲ್ಲಿ ಪದವೇ ಇಲ್ಲ: "ಹಿಮ ಅಂಟಿಕೊಳ್ಳುತ್ತದೆ" ಎಂದಷ್ಟೇ ಇದೆ. 'ಅಂಟು' ಈಗಾಗಲೇ ಖರ್ಚಾಗಿದೆ. ಬಿಸಿಲಿಗೆ ನೆನೆದ ಹಿಮದಲ್ಲಿ ನಡೆದು ಪಟ್ಟಿ ಒದ್ದೆಯಾಗುತ್ತದೆ. ಅಲ್ಲಿಂದ ನೆರಳಿನ ಒಣ ಹಿಮಕ್ಕೆ ಕಾಲಿಟ್ಟರೆ ನವಿರಿನೊಳಗಿನ ನೀರು ಗಡ್ಡೆಗಟ್ಟಿ, ಅದಕ್ಕೆ ಹಿಮ ಮೆತ್ತಿ, ಮಳೆ ಬಂದ ಮೇಲೆ ಎರೆಹೊಲ ದಾಟಿದ ಚಪ್ಪಲಿಯಂತೆ ಪ್ರತಿ ಹೆಜ್ಜೆಗೂ ದಪ್ಪವಾಗುತ್ತ ಹೋಗುತ್ತದೆ. ನಮ್ಮ ರೈತರ ಮಾತಿನಲ್ಲಿ ಇದಕ್ಕೆ 'ಹೆಂಟೆ' ಸಿದ್ಧವಾಗಿದೆ. "ಪಟ್ಟಿಗೆ ಹೆಂಟೆ ಕಟ್ಟಿತು" ಎಂದರೆ ಜೇವರ್ಗಿಯ ಹುಡುಗನಿಗೆ ಮತ್ತೆ ವಿವರಿಸುವುದು ಬೇಕಿಲ್ಲ. ಮದ್ದು: ಒಂದು ಸ್ಕೀಯ ಉಕ್ಕಿನ ಅಂಚಿನಿಂದ ಇನ್ನೊಂದರ ಪಟ್ಟಿಯನ್ನು ಮೂಗಿನಿಂದ ಬಾಲದ ಕಡೆಗೆ ಕೆರೆದು, ಪಟ್ಟಿಯ ಮೇಣದ ಗಟ್ಟಿಯನ್ನು ನವಿರು ಮಲಗಿದ ದಿಕ್ಕಿಗೇ ತಿಕ್ಕುವುದು. ಎದುರು ದಿಕ್ಕಿಗೆ ತಿಕ್ಕಿದರೆ ಕೂದಲು ಕಿತ್ತು ಕೆಡುತ್ತದೆ. ಬಿಸಿಲಿನ ದಿನವಿದ್ದರೆ ಹೊರಡುವ ಮುಂಚೆಯೇ ಮೇಣ ತಿಕ್ಕಿಕೊಳ್ಳುವುದು ಜಾಣತನ.

'ಮೇಣ'ದಲ್ಲೂ ಎಚ್ಚರ. ಸ್ಕೀಯ ತಳಕ್ಕೆ ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿ ಹಚ್ಚುವ ಮೇಣ ಬೇರೆ. ಅದನ್ನು ಹಚ್ಚಿ, ಕೆರೆದು, ಬ್ರಷ್ ಹೊಡೆಯದೆ ಪಟ್ಟಿ ಅಂಟಿಸಿದರೆ ಮೇಣ ಅಂಟಿಗೆ ಬಂದು ಅಂಟೇ ಕೆಡುತ್ತದೆ. 'ತಳಮೇಣ', 'ನವಿರುಮೇಣ' ಎಂದು ಎರಡು ಪದ ಇರಲಿ.

ಮೂರನೆಯ ವಾಕ್ಯಕ್ಕೆ ಪರಿಹಾರ ಸುಲಭ. ಸ್ಕೀಯ ಉಕ್ಕಿನ ಅಂಚು 'ಅಲಗು', ಪಟ್ಟಿಯ ಬದಿ 'ದಡಿ'. ಧೋತರದ ದಡಿ, ಸೀರೆಯ ದಡಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. "ಅಲಗು ಕಾಣುವಂತೆ ದಡಿಯನ್ನು ಕತ್ತರಿಸಿ." ಎಷ್ಟು ಕಾಣಬೇಕು ಎನ್ನುವುದನ್ನೂ ಸೇರಿಸಿ: ಎರಡೂ ಕಡೆ ಸುಮಾರು 2 ಮಿ.ಮೀ. ಅಲಗು ಮುಚ್ಚಿದರೆ ಗಟ್ಟಿ ಹಿಮದ ಓರೆಯಲ್ಲಿ ಅದು ಕಚ್ಚುವುದಿಲ್ಲ. ಹೆಚ್ಚು ಕತ್ತರಿಸಿದರೆ ತಳ ಬಯಲಾಗಿ ಹಿಡಿತ ಕಡಿಮೆಯಾಗುತ್ತದೆ. ಕತ್ತರಿಸಿದ್ದು ಮತ್ತೆ ಬರುವುದಿಲ್ಲ.

ಅಗಲ ಆರಿಸುವುದೂ ಇದಕ್ಕೇ ಸೇರಿದ್ದು. ಸ್ಕೀಯ ಮೇಲೆ 118-86-105 ಎಂಬಂಥ ಮೂರು ಅಂಕಿ ಇರುತ್ತವೆ: ಮೂಗು, ನಡು, ಬಾಲದ ಅಗಲ, ಮಿ.ಮೀ.ಗಳಲ್ಲಿ. ಪಟ್ಟಿ ಕೊಳ್ಳಬೇಕಾದದ್ದು ಮೂಗಿನ ಅಳತೆಗೆ, ಇಲ್ಲಿ 120ರ ಆಸುಪಾಸು. ಆಮೇಲೆ ನಡುವಿನ ಬಳುಕಿಗೆ ತಕ್ಕಂತೆ ಕತ್ತರಿಸುವುದು. ನಡುವಿನ 86 ನೋಡಿ ಕೊಂಡರೆ ಮೂಗು ಬಾಲಗಳಲ್ಲಿ ತಳ ಬರಿದಾಗಿ ಉಳಿಯುತ್ತದೆ. ಕತ್ತರಿಸುವ ಕ್ರಮ: ಪಟ್ಟಿಯನ್ನು ನಟ್ಟನಡುವೆ ಅಂಟಿಸಿ, ಹೊಸ ಬ್ಲೇಡಿನಿಂದ ಎರಡೂ ಬದಿ ಸ್ಕೀಯ ಹೊರಗೆರೆಗೆ ಸರಿಯಾಗಿ ಕತ್ತರಿಸಿ. ಪಟ್ಟಿಯನ್ನು ಬಿಚ್ಚಿ, ಒಂದು ಬದಿಗೆ 4 ಮಿ.ಮೀ. ಸರಿಸಿ ಅಂಟಿಸಿ, ಹೊರಚಾಚಿದ ದಡಿಯನ್ನು ಮತ್ತೆ ಕತ್ತರಿಸಿ. ಮತ್ತೆ ನಡುವಿಗೆ ತಂದರೆ ಎರಡೂ ಕಡೆ 2 ಮಿ.ಮೀ. ಬಿಟ್ಟಿರುತ್ತದೆ. ಕೆಲವು ಕಂಪನಿಗಳ ಕತ್ತರಿಸುವ ಸಾಧನದಲ್ಲೇ ಈ ಅಂತರ ಸೇರಿರುತ್ತದೆ. ಆಗ ಸರಿಸುವುದು ಬೇಡ. ಇದನ್ನು ಬರೆಯದಿದ್ದರೆ ಎರಡು ಸಲ ಕಳೆದು ಪಟ್ಟಿ ಸಣ್ಣದಾಗುತ್ತದೆ. ಮುಗಿದ ಮೇಲೆ ಎಡ ಬಲ ಗುರುತು ಹಾಕಿಡಿ.

ಸೇರ್ಪಡೆ – ಯಾದಗಿರಿಯಿಂದ

ಬೀದರಿನ ಉತ್ತರಕ್ಕೆ ಹೆಚ್ಚಿನ ತಕರಾರಿಲ್ಲ. 'ಸಾಗು' ಬದಲು 'ಓಟ' ಇನ್ನೂ ಹಗುರ ಅನಿಸುತ್ತದೆ: ಹೊಲಿಗೆ ಯಂತ್ರಕ್ಕೂ ಪೆನ್ನಿಗೂ 'ಓಟ ಚೆನ್ನಾಗಿದೆ' ಅನ್ನುತ್ತೇವೆ. "ಮೇಕೆಗೂದಲಿನ ಪಟ್ಟಿಗೆ ಓಟ ಹೆಚ್ಚು." ಕ್ರಿಯಾಪದವಾಗಿ 'ಸಾಗು' ಇರಲಿ, ಗುಣಕ್ಕೆ 'ಓಟ' ಇರಲಿ.

'ಸ್ಕೀ ಪ್ರವಾಸ' ಎಂಬ ಅಧ್ಯಾಯದ ಹೆಸರನ್ನೂ ಬದಲಿಸಿ. ಪ್ರವಾಸ ಎಂದರೆ ಬಸ್ಸು, ಲಾಡ್ಜು, ಫೋಟೊ. ಇದು 'ಸ್ಕೀ ಚಾರಣ'. ಹಾಗೆಯೇ 'ಹಿಮಪಾತ'ವನ್ನು ಬೀಳುವ ಹಿಮಕ್ಕೆ ಮಾತ್ರ ಬಳಸಿ. ಬೆಟ್ಟದ ಮೈಯಿಂದ ಕಳಚಿ ಬರುವುದು 'ಹಿಮಕುಸಿತ'. ಪತ್ರಿಕೆಗಳಲ್ಲಿ ಎರಡೂ ಬೆರೆತುಹೋಗಿವೆ, ಕೈಪಿಡಿಯಲ್ಲಿ ಬೆರೆಯಬಾರದು. ಪಟ್ಟಿ ಹಾಕಿ ಹತ್ತುವವರು ಕುಸಿತ ಹೆಚ್ಚಾಗಿ ಆಗುವ 30ರಿಂದ 45 ಡಿಗ್ರಿಯ ಇಳಿಜಾರಿನ ಮೇಲೆ ಅಥವಾ ಅದರ ಕೆಳಗೇ ನಡೆಯುತ್ತಿರುತ್ತಾರೆ. ದಟ್ಟ ಹಿಮಪಾತದ ಮರುದಿನ ಹಿಮಕುಸಿತದ ಭಯ ಹೆಚ್ಚು. ಆ ವಾಕ್ಯದಲ್ಲಿ ಎರಡೂ ಪದ ಒಟ್ಟಿಗೆ ಬರುತ್ತವೆ; ಅವೆರಡೂ ಒಂದೇ ಆಗಿದ್ದರೆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ.

ಬಾಡಿಗೆ ಪಟ್ಟಿ ನೋಡಿ ತೆಗೆದುಕೊಳ್ಳುವ ಬಗೆಯೂ ಬೇಕು, ಹೋಗುವವರಲ್ಲಿ ಹೆಚ್ಚಿನವರು ಬಾಡಿಗೆಗೇ ಪಡೆಯುತ್ತಾರೆ. ಅಂಟಿಗೆ ಅಂಟು ಮಡಚಿದ ಪಟ್ಟಿಯನ್ನು ಎಳೆದು ಬಿಡಿಸಿ ನೋಡಿ. ಸಲೀಸಾಗಿ ಕಳಚಿ ಬಂದರೆ ಅಂಟು ಸತ್ತಿದೆ. ಬೆರಳೊತ್ತಿ ತೆಗೆದಾಗ ಅಂಟು ಬೆರಳಿಗೇ ಬಂದರೆ ಅದು ಸ್ಕೀಯ ತಳದಲ್ಲೂ ಉಳಿದು, ಇಳಿಯುವಾಗ ಓಟ ಕೆಡಿಸುತ್ತದೆ. ಕೊಟ್ಟ ಸ್ಕೀಯ ಮೇಲೇ ಪಟ್ಟಿ ಹಾಕಿ ಅಲಗು ಎರಡೂ ಕಡೆ ಕಾಣುತ್ತದೆಯೇ, ಬಳೆ ಮೂಗಿಗೆ ಸರಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಬೇರೆ ಸ್ಕೀಗೆಂದು ಕತ್ತರಿಸಿದ ಪಟ್ಟಿ ಕೈಗೆ ಬರುವುದು ಸಾಮಾನ್ಯ.

ಕಾಪಿಡುವ ಭಾಗವನ್ನು ಮೂಲದಿಂದ ಹಾಗೇ ಇಳಿಸಬೇಡಿ. ಅಲ್ಲಿ "ಕೋಣೆಯ ಉಷ್ಣತೆಯಲ್ಲಿ ಇಡಿ" ಎಂದಿರುತ್ತದೆ. ಅವರ ಕೋಣೆ 20 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ, ತಗಡಿನ ಮಾಡಿನ ಕೆಳಗಿನ ಟ್ರಂಕಿನೊಳಗೆ ಇನ್ನೂ ಹೆಚ್ಚು. ಆ ಶಾಖಕ್ಕೆ ಅಂಟು ಮೆತ್ತಗಾಗುತ್ತದೆ. ಅಂಟಿಗೆ ಅಂಟು ಮಡಚಿಟ್ಟಿದ್ದರೆ ಒಂದಕ್ಕೊಂದು ಬೆಸೆದು, ಬಿಡಿಸುವಾಗ ಒಂದು ಕಡೆಯದು ಇನ್ನೊಂದು ಕಡೆಗೆ ಕಿತ್ತು ಬರುತ್ತದೆ. ಹೀಗೆ ಬರೆಯಿರಿ: "ಊರಿಗೆ ಬಂದ ಮೇಲೆ ಪಟ್ಟಿಯನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ಪೂರ್ತಿ ಒಣಗಿಸಿ, ಬಿಸಿಲು, ಹೀಟರು, ಕಾಶ್ಮೀರದ ಬುಖಾರಿ ಒಲೆ ಯಾವುದರ ಹತ್ತಿರವೂ ಬೇಡ. ಅಂಟಿನ ಮೇಲೆ ಕಂಪನಿ ಕೊಟ್ಟ ಜಾಳಿಗಿ ಅಥವಾ ನುಣುಪು ಹಾಳೆ ಹಾಸಿ, ಚೀಲಕ್ಕೆ ಹಾಕಿ, ಮನೆಯ ಎಲ್ಲಕ್ಕಿಂತ ತಂಪಾದ ಕೋಣೆಯಲ್ಲಿ ನೆಲಕ್ಕೆ ಹತ್ತಿರ ಇಡಿ." ಕಾರಿನ ಡಿಕ್ಕಿ ಬೇಡ ಎಂಬುದನ್ನು ಬೇರೆ ಸಾಲಾಗಿಯೇ ಹಾಕಿ, ದಪ್ಪ ಅಕ್ಷರದಲ್ಲಿ.