ನಾಗಸಾಕಿಯ ದಿಬ್ಬವನ್ನು ಕೆಳಗಿನಿಂದ ಹತ್ತಿಸಬೇಡ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಫುಕುವೊಕಾದಿಂದ ಬೆಳಗ್ಗೆ ಹೊರಟು ರಾತ್ರಿಯೊಳಗೆ ವಾಪಸ್ ಬರುವ ಹಾಗೆ ಅಮ್ಮನನ್ನು ನಾಗಸಾಕಿಗೆ ಕರೆದುಕೊಂಡು ಹೋಗಬಹುದಾ, ಅವಳ ಮಂಡಿ ತಡೆಯುತ್ತಾ ಅಂತ ಕೇಳಿದ್ದೀಯ. ಧಾರಾಳವಾಗಿ ಹೋಗಿ ಬನ್ನಿ. ಆದರೆ ದಿಬ್ಬದ ಮೇಲಿರುವ ಗ್ಲೋವರ್ ಗಾರ್ಡನ್ನಿಗೆ ಮಾತ್ರ ಕೆಳಗಿನಿಂದ ಹತ್ತಿಸಬೇಡ.

ನಿಮ್ಮ ದೊಡ್ಡಪ್ಪನಿಗೆ ಏನಾಯ್ತು ಕೇಳು. ಟೂರಿನವನು "ಟ್ರಾಮ್ ಇಳಿದರೆ ಹತ್ತೇ ನಿಮಿಷ" ಅಂದಿದ್ದ. ಏರು ಇದೆ ಅಂತ ಬಾಯಿಬಿಡಲಿಲ್ಲ. ಗಾರ್ಡನ್ನಿಗೆ ಹೋಗುವ ಓಉರಾ ಚರ್ಚಿನ ದಾರಿ, ಪಕ್ಕದಲ್ಲೆಲ್ಲ ಕ್ಯಾಸ್ಟೆಲ್ಲಾ ಕೇಕಿನ ಅಂಗಡಿಗಳು, ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅರ್ಧಕ್ಕೇ ಅವರು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖವೆಲ್ಲ ಬೆವರು. ರಾತ್ರಿ ಮಂಡಿ ಊದಿಕೊಂಡು ಪ್ಯಾಂಟು ಬಿಚ್ಚಲೂ ಆಗಲಿಲ್ಲ. ಮೇಲೆ 1863ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಿ ಗ್ಲೋವರ್ ಕಟ್ಟಿಸಿದ ಮರದ ಮನೆ ಇದೆ, ಅಲ್ಲಿಂದ ಇಡೀ ಬಂದರು ಕಾಣುತ್ತದೆ. ಅಷ್ಟು ಆಸೆಪಟ್ಟಿದ್ದವರು ಅದನ್ನು ನೋಡಲೇ ಇಲ್ಲ.

ನಿಮ್ಮಮ್ಮ "ಪರವಾಗಿಲ್ಲ, ನಡೀತೀನಿ" ಅಂತಾಳೆ. ನನ್ನ ತಂಗಿ, ನನಗೆ ಗೊತ್ತಿಲ್ವಾ? ಅವಳ ಮಾತು ಕೇಳಿ ಕೆಳಗಿನಿಂದ ಹತ್ತಿಸಬೇಡ.

ಆ ಟೂರಿನವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಣುಬಾಂಬ್ ಮ್ಯೂಸಿಯಂನಲ್ಲಿ 11 ಗಂಟೆ 2 ನಿಮಿಷಕ್ಕೆ ನಿಂತುಹೋದ ಗೋಡೆ ಗಡಿಯಾರ ಇದೆ. 1945ರ ಆಗಸ್ಟ್ 9, ಬಾಂಬ್ ಬಿದ್ದ ಹೊತ್ತು. ಹದಿನಾಲ್ಕು ವರ್ಷದ ಹುಡುಗಿಯ ಊಟದ ಡಬ್ಬಿಯೂ ಇದೆ, ಒಳಗಿನ ಅನ್ನ ಕರಕಲಾಗಿ ಹಾಗೇ ಉಳಿದಿದೆ. ನಾನು ಅದರ ಮುಂದೆ ನಿಂತಿದ್ದೆ, "ಬೇಗ ಬನ್ನಿ ಆಂಟಿ, ಶಾಪಿಂಗಿಗೆ ಟೈಮಾಯ್ತು" ಅಂತ ಕೂಗಿದ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಒಂದು ಗಳಿಗೆ ನಿಲ್ಲಲೂ ಬಿಡಲಿಲ್ಲ. ಅಂಗಡಿ ನಮ್ಮೂರಲ್ಲಿ ಇಲ್ವಾ? ನೀವು ಅಲ್ಲಿ ನಿಧಾನವಾಗಿ ನೋಡಿ.

ಅಯ್ಯೋ, ಮುಖ್ಯ ವಿಷಯವೇ ಬಿಟ್ಟೆ. 5ನೇ ನಂಬರ್ ಟ್ರಾಮ್ ಹಿಡಿದು ಕೊನೆಯ ಸ್ಟಾಪು ಇಶಿಬಾಶಿಯಲ್ಲಿ ಇಳಿ. ಹತ್ತಿರದಲ್ಲೇ ಗುಡ್ಡಕ್ಕೆ ಓರೆಯಾಗಿ ಹತ್ತುವ ಲಿಫ್ಟ್ ಇದೆ. ಅದು ಮುಗಿದ ಮೇಲೆ ಇನ್ನೊಂದು ಲಿಫ್ಟ್. ಗಾರ್ಡನ್ನಿನ ಮೇಲಿನ ಗೇಟಿಗೇ ಹೋಗುತ್ತೀರಿ. ಅಲ್ಲಿಂದ ನೋಡುತ್ತಾ ಇಳಿದು ಬಂದರೆ ಆಯ್ತು. ಅಮ್ಮನ ಕೋಲು ಮರೀಬೇಡ. ಹಿಂದೆ ಡಚ್ ವ್ಯಾಪಾರಿಗಳು ಇದ್ದ ದೆಜಿಮಾ ಸಮತಟ್ಟು, ಅಲ್ಲಿ ಚಿಂತೆಯಿಲ್ಲ. ಅಲ್ಲಿನ ಚಾಂಪೊನ್ ನೂಡಲ್ಸಿನ ಸಾರಿಗೆ ಹಂದಿ ಮೂಳೆ ಹಾಕುತ್ತಾರೆ, ಮನೆಯಿಂದಲೇ ಚಪಾತಿ ಪಲ್ಯ ಕಟ್ಟಿಕೊ. ಫುಕುವೊಕಾದ ಹಕಾಟ ಸ್ಟೇಷನ್ನಿನಿಂದ ಹೋಗುವಾಗ ತಕೆಯೊ ಒನ್ಸೆನ್‌ನಲ್ಲಿ ರೈಲು ಬದಲಿಸಬೇಕು. ಅದೇ ಪ್ಲಾಟ್‌ಫಾರ್ಮಿನ ಎದುರಿಗೆ ಶಿಂಕಾನ್ಸೆನ್ (ಬುಲೆಟ್ ರೈಲು) ನಿಂತಿರುತ್ತದೆ, ಮೆಟ್ಟಿಲು ಹತ್ತುವ ಕೆಲಸವಿಲ್ಲ.