ರೆಕಾರ್ಡ್ 04: ಬಾಯಿ ಕಟ್ಟುತ್ತೆ, ಚಕ್ರ ತಿರುಗಿಸಿದ್ರೂ ಅಲಗು ಕದಲಲ್ಲ

ತುಕ್ಕುಪೆಟ್ಟಿಗೆ:
ಬೆಂಗಳೂರಿನ ಸಂಡೆ ಬಜಾರ್‌ನಲ್ಲಿ ಸಿಕ್ಕಿದ ರೆಕಾರ್ಡ್ ಕಂಪನಿಯ 04 ನಂಬರ್ ಕೀಸುಳಿ (ಮರ ಹೆರೆಯೋ ರಂದಾ). ಪೂರ್ತಿ ಬಿಚ್ಚಿ ತುಕ್ಕು ತೆಗೆದಾಯ್ತು, ತಳ ಉಜ್ಜಿದ್ದಾಯ್ತು, ಅಲಗು ಕೈಕೂದಲು ಬೋಳಿಸೋಷ್ಟು ಹರಿತ ಇದೆ. ಆದ್ರೂ ಎರಡು ಸಲ ತಳ್ಳೋಷ್ಟರಲ್ಲಿ ಬಾಯಿ (ತಳದಲ್ಲಿ ಅಲಗು ಹೊರಬರೋ ಸೀಳು) ತುಂಬ ಸಿಪ್ಪೆ ಸಿಕ್ಕಿಕೊಂಡು ನಿಂತುಹೋಗುತ್ತೆ, ಕಡ್ಡಿ ಹಾಕಿ ಕೆದಕಬೇಕು. ಹಿತ್ತಾಳೆ ಚಕ್ರ ಮೂರು ಸುತ್ತು ತಿರುಗಿಸಿದ್ರೂ ಅಲಗು ಅಲ್ಲಾಡಲ್ಲ, ಆಮೇಲೆ ಒಮ್ಮೆಲೇ ಹೊರಗೆ ಬಂದು ಮರಕ್ಕೆ ಕಚ್ಚಿಕೊಳ್ಳುತ್ತೆ. ಅಲಗನ್ನ ಮೇಲಿಂದ ಒತ್ತಿ ಹಿಡಿಯೋ ಲಿವರ್ ಕ್ಯಾಪ್ ಮುಚ್ಚೋಕೆ ಹೆಬ್ಬೆರಳಿನ ಪ್ರಾಣ ಹೋಗುತ್ತೆ. ಹಳೇ ಇಂಗ್ಲೆಂಡ್ ಮಾಲು ಅಂತ ಎಲ್ಲರೂ ಯಾಕೆ ಮುಗಿಬೀಳ್ತಾರೋ ಗೊತ್ತಿಲ್ಲ. ಎಲ್ಲಾ ಸರಿ ಇದೆ, ಕೆಲಸ ಮಾತ್ರ ಆಗ್ತಿಲ್ಲ.

ಮಟ್ಟಗೋಲು:
ತಳ. ಇನ್ನೇನೂ ನೋಡಬೇಡಿ. "ಉಜ್ಜಿದ್ದಾಯ್ತು" ಅಂದ್ರೆ ಹೇಗೆ? ಟೈಲ್ಸ್ ಮೇಲೆ ಉಜ್ಜಿದ್ರೆ ಅದು ಲೆಕ್ಕಕ್ಕಿಲ್ಲ. 8 ಅಥವಾ 10 ಮಿ.ಮೀ. ಗಾಜು, ಅದರ ಮೇಲೆ 80 ನಂಬರ್ ಉಪ್ಪುಕಾಗದ ಅಂಟಿಸಿ. ತಳದ ತುಂಬ ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೀರಿ. ಅಲಗು ಒಳಗೇ ಇರಲಿ, ತುದಿ ಮೇಲಕ್ಕೆ ಎಳೆದುಕೊಂಡಿರಲಿ, ಲಿವರ್ ಕ್ಯಾಪ್ ಎಂದಿನ ಬಿಗಿಯಲ್ಲೇ ಇರಲಿ, ಯಾಕಂದ್ರೆ ಆ ಬಿಗಿಗೆ ಎರಕ ಸ್ವಲ್ಪ ಬಾಗುತ್ತೆ. ಮೂತಿ, ಬಾಯಿಯ ಮುಂದಿನ ಪಟ್ಟಿ, ಹಿಮ್ಮಡಿ, ಈ ಮೂರು ಕಡೆ ಗೆರೆ ಅಳಿದ್ರೆ ಸಾಕು. ನಡುವೆ ತಗ್ಗು ಉಳಿದ್ರೂ ಪರವಾಗಿಲ್ಲ. ಆಮೇಲೆ 120, 220. ಉಕ್ಕಿನ ಸ್ಕೇಲ್ ಇಟ್ಟು 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸಿ ನೋಡಿ.

ಧಾರವಾಡ_ರಂದಾ:
ಯಾವ ಕಟಗಿ ಮ್ಯಾಲ ಹೊಡದ್ರಿ ಅನ್ನೂದ ಹೇಳಿಲ್ಲಲ್ರಿ ಸರ. ಹಲಸು, ಹೊನ್ನಿ ಆದ್ರ ನಾರು ತಿರುವುಮುರುವು ಇರ್ತೈತಿ, ಎಂಥಾ ರಂದಾನೂ ಕಿತ್ತತೈತಿ. ಸಾಗವಾನಿ ಆದ್ರ ಅದರಾಗ ಸಿಲಿಕಾ ಇರ್ತದ, ಮುಂಜಾನೆ ಹಿಡಿಸಿದ ಧಾರ ಮಧ್ಯಾಹ್ನಕ್ಕ ಇರೂದಿಲ್ಲ. ಮೊದಲ ಪೈನ್ ತುಂಡಿನ ಮ್ಯಾಲ ನೋಡ್ರಿ.

ತುಕ್ಕುಪೆಟ್ಟಿಗೆ:
ತೇಗ. ಪೈನ್ ಮೇಲೂ ಅದೇ ಕಥೆ. ತಳ ಗಾಜಿನ ಮೇಲೇ ಉಜ್ಜಿದ್ದು, 0.05 ಎಲ್ಲೂ ತೂರಲ್ಲ.

ಮಟ್ಟಗೋಲು:
ಅಡ್ಡಕ್ಕೆ ಮಾತ್ರ ನೋಡಿರ್ತೀರಿ. ಕರ್ಣರೇಖೆಯಲ್ಲಿ ಇಡಿ. ತಳ ತಿರುಚಿಕೊಂಡಿದ್ರೆ ಅದು ಅಡ್ಡಕ್ಕೆ ಸಿಗಲ್ಲ.

ಗುಜರಿಗಿರಾಕಿ:
ತುಕ್ಕು ಯಾವುದರಲ್ಲಿ ತೆಗೆದಿದ್ದು? ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಟ್ಟಿದ್ರೆ ಅಲಗಿನ ತುದಿಯನ್ನೇ ಆ್ಯಸಿಡ್ ತಿಂದಿರುತ್ತೆ. ನಿಂಬೆ ಉಪ್ಪು ವಾಸಿ: ಲೀಟರ್ ನೀರಿಗೆ 50 ಗ್ರಾಂ, ಗಂಟೆಗೊಮ್ಮೆ ಎತ್ತಿ ಬ್ರಷ್ ಹಾಕಿ. ತೆಗೆದ ಮೇಲೆ ಅಡುಗೆ ಸೋಡಾ ನೀರಲ್ಲಿ ಅದ್ದಿ, ಬಿಸಿಗಾಳಿಯಲ್ಲಿ ಒಣಗಿಸಿ, ತಕ್ಷಣ ಹೊಲಿಗೆ ಮೆಷಿನ್ ಎಣ್ಣೆ ಸವರಿ. ತಡ ಮಾಡಿದ್ರೆ ಕಣ್ಣೆದುರೇ ಕೇಸರಿ ಬಣ್ಣ ಏರುತ್ತೆ. ಹಿತ್ತಾಳೆ ಚಕ್ರಕ್ಕೆ ಹುಣಸೆಹಣ್ಣು ಸಾಕು.

ಧಾರವಾಡ_ರಂದಾ:
ಆ್ಯಸಿಡ್ ಯಾಕ ಬೇಕ್ರಿ? ಎಲೆಕ್ಟ್ರಾಲಿಸಿಸ್ ಮಾಡ್ರಿ. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್, ಮೈನಸ್ ರಂದಾಕ್ಕ, ಪ್ಲಸ್ ಬ್ಯಾರೆ ಕಬ್ಬಿಣದ ತುಂಡಿಗೆ. ಸ್ಟೀಲ್ ಚಮಚ, ತಾಟು ಪ್ಲಸ್ಸಿಗೆ ಕಟ್ಟಬ್ಯಾಡ್ರಿ, ಕ್ರೋಮಿಯಂ ನೀರಿಗೆ ಇಳದು ವಿಷ ಆಗತೈತಿ. ಹೈಡ್ರೋಜನ್ ಏಳ್ತದ, ಬಯಲಾಗ ಇಡ್ರಿ.

ಗುಜರಿಗಿರಾಕಿ:
ರೆಕಾರ್ಡ್‌ನ ಆ ನೀಲಿ ಬಣ್ಣ ಸಡಿಲ ಇದ್ದ ಕಡೆ ಎಲೆಕ್ಟ್ರಾಲಿಸಿಸ್‌ನಲ್ಲಿ ಎದ್ದು ಹೋಗುತ್ತೆ. ಬಣ್ಣ ಕಳೆದುಕೊಂಡ ರೆಕಾರ್ಡ್ ಯಾರಿಗೆ ಬೇಕು?

ಧಾರವಾಡ_ರಂದಾ:
ಬಣ್ಣ ಹೆರಿತೈತೇನ್ರಿ?

ಕುಡ್ಲ_ಕೀಸುಳಿ:
ತುಕ್ಕಿನ ಜಗಳ ಬೇರೆ ಕಡೆ ಮಾಡಿ ಮಾರಾಯ್ರೆ. ಮೊದಲ ಪೋಸ್ಟ್ ಸರಿಯಾಗಿ ಓದಿ. ಮೂರು ಲಕ್ಷಣ ಉಂಟು: ಬಾಯಿ ಕಟ್ಟುವುದು, ಚಕ್ರದಲ್ಲಿ ಮೂರು ಸುತ್ತು ಸಡಿಲ, ಲಿವರ್ ಕ್ಯಾಪ್ ಬಿಗಿ. ತಳ ವಕ್ರ ಆದರೆ ಚಕ್ರ ಯಾಕೆ ಸಡಿಲ ಆಗ್ತದೆ? ಈ ಮೂರಕ್ಕೂ ಒಂದೇ ಉತ್ತರ ಇರುವುದು. ಅಲಗು ಅದರದ್ದೇಯಾ, ಬೇರೆಯಾ? ದಪ್ಪ ಅಳೆದು ಹೇಳಿ.

ಮಟ್ಟಗೋಲು:
ಕರ್ಣರೇಖೆ ಇನ್ನೂ ಹೇಳಿಲ್ಲ.

ತುಕ್ಕುಪೆಟ್ಟಿಗೆ:
ಅಲಗು ಹೊಸದು, ಆನ್‌ಲೈನ್‌ನಲ್ಲಿ ತರಿಸಿದ್ದು. ಹಳೇದರ ಬೆನ್ನಲ್ಲಿ ತುಕ್ಕು ತಿಂದ ಗುಂಡಿಗಳಿವೆ. ಹೊಸದು 3 ಮಿ.ಮೀ., ಹಳೇದು 2. ದಪ್ಪ ಇದ್ದಷ್ಟೂ ಒಳ್ಳೇದು ಅಂತಾರಲ್ಲ, ಅದಕ್ಕೇ ಬರೆದಿರಲಿಲ್ಲ. ಕರ್ಣರೇಖೆನೂ ಸರಿ ಇದೆ.

ಕುಡ್ಲ_ಕೀಸುಳಿ:
ಅಲ್ಲೇ ಉಂಟು ನೋಡಿ. ಫ್ರಾಗ್, ಅಂದರೆ ಅಲಗು ಒರಗಿ ಕೂರುವ ತುಂಡು, 45 ಡಿಗ್ರಿ ಇಳಿಜಾರು. ಅಲಗು 1 ಮಿ.ಮೀ. ದಪ್ಪ ಆದರೆ ಅದರ ತುದಿ ಬಾಯಿಯಲ್ಲಿ 1.4 ಮಿ.ಮೀ. ಮುಂದೆ ಬರ್ತದೆ. ಸಿಪ್ಪೆ ಹೊರಗೆ ಹೋಗಲು ಜಾಗವೇ ಇಲ್ಲ, ಬೀಸಣಿಗೆಯ ಹಾಗೆ ಮಡಚಿ ಅಲ್ಲೇ ಕೂರ್ತದೆ.

ಇನ್ನು ಚಕ್ರ. ಅದರ ಚಲನೆಯನ್ನು ಅಲಗಿಗೆ ಮುಟ್ಟಿಸುವುದು ಫ್ರಾಗ್ ಒಳಗಿನ ಕವಲು ತುಂಡು. ಅದರ ಮೂತಿ ಅಲಗಿನ ಉದ್ದ ಸೀಳಿನೊಳಗೆ ಹಾದು, ಮೇಲಿನ ಚಿಪ್‌ಬ್ರೇಕರ್‌ನ (ಅಲಗಿನ ಮೇಲೆ ಬಿಗಿಯುವ ಉಕ್ಕಿನ ಪಟ್ಟಿ) ಚೌಕ ತೂತಿನಲ್ಲಿ ಕೂರಬೇಕು. ಅಲಗು ದಪ್ಪ ಆದರೆ ಮೂತಿ ಅಷ್ಟು ದೂರ ಎಟಕುವುದಿಲ್ಲ, ತೂತಿನ ಅಂಚನ್ನು ತುದಿಯಲ್ಲಿ ಮಾತ್ರ ಕೆರೀತದೆ. ಮೊದಲು ಜಾರ್ತದೆ, ಮತ್ತೆ ಒಮ್ಮೆಲೇ ಹಿಡೀತದೆ. ಸರಿ ಇರುವ 04ರಲ್ಲೂ ಅರ್ಧದಿಂದ ಒಂದು ಸುತ್ತು ಸಡಿಲ ಇರುವುದೇ, ಮೂರು ಅಲ್ಲ. ಲಿವರ್ ಕ್ಯಾಪ್ ಬಿಗಿಯೂ ಅದೇ ಕಾರಣಕ್ಕೆ, ನಡುವಿನ ಸ್ಕ್ರೂ ಹಳೇ ದಪ್ಪಕ್ಕೆ ಕೂತಿದೆ.

ಹಳೇ ಅಲಗು ಹಾಕಿ, ಆ ಸ್ಕ್ರೂ ಹೊಂದಿಸಿ ನೋಡಿ.

ಗುಜರಿಗಿರಾಕಿ:
ಫ್ರಾಗ್ ಹಿಂದಕ್ಕೆ ತಳ್ಳಿದ್ರೆ ಹೊಸ ಅಲಗೇ ನಡೆಯಲ್ವಾ? ಅಲಗಿನ ಕೆಳಗಿನ ಎರಡು ಸ್ಕ್ರೂ ಸಡಿಲಿಸಿ, ಹಿಂದಿನ ಚಿಕ್ಕ ಸ್ಕ್ರೂ ತಿರುಗಿಸಿದ್ರೆ ಆಯ್ತು.

ಕುಡ್ಲ_ಕೀಸುಳಿ:
ಇಲ್ಲ. ಫ್ರಾಗ್‌ನ ಮುಖ ಬಾಯಿಯ ಹಿಂದಿನ ಅಂಚಿಗೆ ಸಮ ಇರಬೇಕು. ಅದಕ್ಕಿಂತ ಹಿಂದೆ ಹೋದರೆ ಅಲಗು ಫ್ರಾಗ್ ಬಿಟ್ಟು ಎರಕದ ಅಂಚಿನ ಮೇಲೆ ಕೂರ್ತದೆ, ಮತ್ತೆ ಮರದ ಮೇಲೆ ಗಡಗಡ ನಡುಗುವುದೇ. ದಪ್ಪ ಅಲಗೇ ಬೇಕಾದರೆ ಬಾಯಿಯ ಮುಂದಿನ ಅಂಚು ಅರದಿಂದ ಉಜ್ಜಬೇಕು. ಗೆರೆ ಕೊರೆದು, ಅರವನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ಮೇಲೆ ಅಗಲ ಆಗುವ ಹಾಗೆ. ಹಿಂದಿನ ಅಂಚು ಮುಟ್ಟಬೇಡಿ. ಆದರೆ ಕವಲು ತುಂಡಿನ ಸಮಸ್ಯೆ ಅದರಿಂದ ಹೋಗುವುದಿಲ್ಲ, ಉಜ್ಜಿದ ಎರಕವೂ ವಾಪಸ್ ಬರುವುದಿಲ್ಲ.

ಧಾರವಾಡ_ರಂದಾ:
ಚಕ್ರ ಬಿಚ್ಚೂದಿದ್ರ ನೆನಪಿರ್ಲಿ, ಅದು ಎಡ ಮರಿ, ಬಲಕ್ಕ ತಿರುವಿದ್ರ ಬಿಚ್ಚತೈತಿ. ಎಲ್ಲಾ ನಟ್ಟಿನಂಗ ಎಡಕ್ಕ ತಿರುವಿ ಜೋರ್ ಮಾಡಿದ್ರ ಮರಿ ಹಾಳ. ಹಿಡಿಕಿ ಸ್ಕ್ರೂ ಕಳಕೊಂಡ್ರ ಹಾರ್ಡ್‌ವೇರ್ ಅಂಗಡ್ಯಾಗಿನ ಮೆಟ್ರಿಕ್ ಸ್ಕ್ರೂ ಹೊಂದೂದಿಲ್ಲ, ಗುಜರ್ಯಾಗ ಇನ್ನೊಂದು ಸತ್ತ ರಂದಾ ಹುಡುಕ್ರಿ. ನನ್ನ ಗೋಡಿ ಮ್ಯಾಲ 04½, 05½, 07 ಸಾಲಾಗಿ ಅದಾವು, ಎಲ್ಲಾವಕ್ಕೂ ಹಳೇ ಅಲಗ, ಎಲ್ಲಾವೂ ಬಂಗಾರದಂಗ ನಡೀತಾವ.

ಮಟ್ಟಗೋಲು:
07 ಅಂದ್ರೆ 22 ಇಂಚು. ಅಷ್ಟುದ್ದದ ತಳ ಮಟ್ಟ ಇದೆ ಅಂತ ಹೇಗೆ ನೋಡಿದ್ರಿ?

ತುಕ್ಕುಪೆಟ್ಟಿಗೆ:
ಹಳೇ ಅಲಗು ಹಾಕಿದೆ. ಚಕ್ರ ಮುಕ್ಕಾಲು ಸುತ್ತಿಗೇ ಹಿಡಿಯುತ್ತೆ, ಲಿವರ್ ಕ್ಯಾಪ್ ಸಲೀಸು, ಸಿಪ್ಪೆ ಉದ್ದಕ್ಕೆ ಬರ್ತಿದೆ. ಆದ್ರೆ ಗುಂಡಿಗಳಿದ್ದ ಕಡೆ ಮರದ ಮೇಲೆ ಸಣ್ಣ ಗೀರುಗಳು, ಬಲ ಮೂಲೆಯಲ್ಲಿ ಇನ್ನೂ ಸ್ವಲ್ಪ ಸಿಪ್ಪೆ ಸಿಕ್ಕಿಕೊಳ್ಳುತ್ತೆ.

ಕುಡ್ಲ_ಕೀಸುಳಿ:
ಗುಂಡಿ ತುದಿಯಿಂದ ಎಷ್ಟು ದೂರದವರೆಗೆ? 3-4 ಮಿ.ಮೀ. ಒಳಗೆ ಮುಗಿದರೆ ಅಷ್ಟನ್ನು ಗ್ರೈಂಡರ್‌ನಲ್ಲಿ ತೆಗೆದು, 25 ಡಿಗ್ರಿ ಓರೆ ಹೊಸದಾಗಿ ಕಟ್ಟಿ, ತುದಿಗೆ 30. ಮುಟ್ಟಿದರೆ ಬಿಸಿ ಅನಿಸುವ ಮೊದಲೇ ನೀರಿಗೆ ಅದ್ದಿ. ತುದಿ ನೀಲಿ ಆಯಿತೋ, ಅಷ್ಟು ಭಾಗ ಮೆತ್ತಗಾಯಿತು. ಗುಂಡಿ ಇನ್ನೂ ಹಿಂದಕ್ಕೆ ಹೋಗಿದ್ದರೆ ನಯ ಕಲ್ಲಿನ ಒಂದು ಅಂಚಿಗೆ 0.5 ಮಿ.ಮೀ. ಉಕ್ಕಿನ ಸ್ಕೇಲ್ ಇಟ್ಟು, ಬೆನ್ನನ್ನು ಅದರ ಮೇಲೆ ಎತ್ತರಿಸಿ ಉಜ್ಜಿ. ತುದಿಯ ಒಂದೆರಡು ಮಿ.ಮೀ. ಮಾತ್ರ ನಯ ಆಗ್ತದೆ, ಅಷ್ಟು ಸಾಕು.

ಬಲ ಮೂಲೆ: ಅಲಗು, ಚಿಪ್‌ಬ್ರೇಕರ್ ಜೋಡಿಸಿ ಟ್ಯೂಬ್‌ಲೈಟ್‌ಗೆ ಹಿಡಿಯಿರಿ. ನಡುವೆ ಬೆಳಕು ಕಂಡ ಕಡೆಯೇ ಸಿಪ್ಪೆ ತೂರುವುದು. ಚಿಪ್‌ಬ್ರೇಕರ್‌ನ ಕೆಳಗಿನ ಅಂಚನ್ನು ಕಲ್ಲಿನ ಮೇಲಿಟ್ಟು, ಅದರ ಬಾಲ ಕಲ್ಲಿನ ಮಟ್ಟಕ್ಕಿಂತ ತುಸು ಕೆಳಗೆ ಹಿಡಿದು ಉಜ್ಜಿ. ಆಗ ಮುಂದಿನ ಅಂಚೇ ಮೊದಲು ಅಲಗಿಗೆ ತಾಗ್ತದೆ. ತುದಿಯಿಂದ 0.8 ಮಿ.ಮೀ. ಹಿಂದೆ ಕೂರಿಸಿ, ಹಟಮಾರಿ ನಾರಿಗೆ 0.3.

ಗುಜರಿಗಿರಾಕಿ:
ಹೊಸ ದಪ್ಪ ಅಲಗು ಸುಮ್ಮನೆ ಬಿದ್ದಿದ್ರೆ ಕೊಡ್ತೀರಾ? ನನ್ನ 04½ಗೆ ನೋಡ್ತೀನಿ.

ಧಾರವಾಡ_ರಂದಾ:
04ರ ಅಲಗ 2 ಇಂಚು, 04½ಕ್ಕ 2⅜ ಬೇಕ್ರಿ. ಎರಡೂ ಬಾಜೂ ಸಂದು ಬಿಟ್ಟು ಹೆರೀತೀರೇನು?